ಒಳಾಂಗಣ ಗಿಡಗಳ ಎಲೆ ಸಮಸ್ಯೆ: ಮೊದಲು ನೀರು ನೋಡಿ



ನರ್ಸರಿಗೆ ಗಿರಾಕಿ ಬಂದು ಫೋನಿನಲ್ಲಿ ಹಳದಿ ಎಲೆಯ ಫೋಟೊ ತೋರಿಸುತ್ತಾರೆ, "ಇದಕ್ಕೆ ಏನು ಔಷಧಿ ಹೊಡೀಬೇಕು?" ಅಂತ ಕೇಳುತ್ತಾರೆ. ಕೌಂಟರಿನಲ್ಲಿ ಇರುವವರು ಯಾವುದೋ ಶಿಲೀಂಧ್ರನಾಶಕದ ಹೆಸರು ಹೇಳಿ ಕಳಿಸುತ್ತಾರೆ. ಈ ರೂಢಿ ಹೋಗಬೇಕು ಎನ್ನುವುದೇ ನನ್ನ ಇವತ್ತಿನ ಆಶಯ. ಮನೆಯೊಳಗಿನ ಗಿಡದ ಎಲೆ ಕೆಟ್ಟಾಗ ರೋಗಾಣುವನ್ನು ಹುಡುಕುವುದಕ್ಕೆ ಮೊದಲು ನೋಡಬೇಕಾದದ್ದು ನಾವು ಹಾಕುವ ನೀರನ್ನು, ಆ ನೀರು ನಿಲ್ಲುವ ಕುಂಡವನ್ನು.

ಈ ಗಿಡಗಳ ತವರು ನೆನಪಿಸಿಕೊಳ್ಳಿ. ಮಾನ್‌ಸ್ಟೆರಾ ದಕ್ಷಿಣ ಮೆಕ್ಸಿಕೊದಿಂದ ಪನಾಮಾವರೆಗಿನ ಕಾಡುಗಳಲ್ಲಿ ಮರ ಹತ್ತುವ ಬಳ್ಳಿ. ನಮ್ಮ ಮನೆಮನೆಯ ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ಮೊರಿಯಾ ದ್ವೀಪದ್ದು. ಅಲ್ಲಿ ಬೇರಿಗೆ ಸಿಗುವುದು ಗಾಳಿಯಾಡುವ ತರಗೆಲೆಯ ಪದರ, ಲವಣವೇ ಇಲ್ಲದಂಥ ಮಳೆನೀರು. ಇಲ್ಲಿ ನಾವು ಕೊಡುವುದು ಒತ್ತಿ ತುಂಬಿದ ಕೊಕೊಪೀಟ್, ತಳದಲ್ಲಿ ತೂತಿಲ್ಲದ ಪಿಂಗಾಣಿ ಕುಂಡ, ಬೋರ್‌ವೆಲ್ ನೀರು.

ಎಲೆ ಹಳದಿಯಾಗಿದೆ ಅಂದರೆ ಸಾಲದು, ಯಾವ ಎಲೆ ಎಂದು ಕೇಳಬೇಕು. ಸಾರಜನಕ, ಮೆಗ್ನೀಷಿಯಂ ಸಾಲದಾದಾಗ ಗಿಡ ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಸಾಗಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಆಗದು. ಅದು ಕಡಿಮೆಯಾದರೆ ನರಗಳು ಹಸಿರಾಗಿಯೇ ಉಳಿದು ಚಿಗುರೆಲೆ ಬಿಳಿಚಿಕೊಳ್ಳುತ್ತದೆ. ಗಡಸು ನೀರಿನ ಬೈಕಾರ್ಬೊನೇಟ್ ಕುಂಡದ ಪಿಎಚ್ ಏರಿಸಿದಾಗ ಕಬ್ಬಿಣ ಇದ್ದೂ ಬೇರಿಗೆ ದಕ್ಕುವುದಿಲ್ಲ. ಅಂಥ ಕುಂಡಕ್ಕೆ ಮತ್ತಷ್ಟು ಗೊಬ್ಬರ ಸುರಿದರೆ ಲವಣ ಹೆಚ್ಚುತ್ತದೆಯೇ ಹೊರತು ಚಿಗುರು ಹಸಿರಾಗುವುದಿಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಹೆಚ್ಚು ಚರ್ಚೆಯಾಗಬೇಕಾದ ವಿಷಯ ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಅಂತರ್ಜಲದಲ್ಲಿ ಅದು ಮನುಷ್ಯರಿಗೆ ಏನು ಮಾಡಿದೆ ಎಂದು ಎಲ್ಲರಿಗೂ ಗೊತ್ತು. ಡ್ರಸೀನಾ, ಸ್ಪೈಡರ್ ಪ್ಲಾಂಟ್‌ಗಳ ಎಲೆತುದಿಯಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಎಲೆಯಿಂದ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ತುದಿಯಲ್ಲೂ ಅಂಚಿನಲ್ಲೂ ಉಳಿದು ಸೇರುತ್ತಾ ಹೋಗುತ್ತದೆ. ತುದಿ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ, ಹಸಿರು ಭಾಗಕ್ಕೂ ಅದಕ್ಕೂ ನಡುವೆ ಸಣ್ಣ ಹಳದಿ ಗೆರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಆ ಮಿತಿಯೊಳಗಿನ ನೀರೂ ಇಂಥ ಸೂಕ್ಷ್ಮ ಗಿಡಗಳ ತುದಿ ಸುಡಬಹುದು. ಇದಕ್ಕೆ ಯಾವ ಸಿಂಪಡಣೆಯೂ ಉತ್ತರವಲ್ಲ. ಫ್ಲೋರೈಡ್ ಇರುವ ಸೂಪರ್ ಫಾಸ್ಫೇಟನ್ನು ಈ ಗಿಡಗಳಿಗೆ ಹಾಕಬಾರದು. ಪಿಎಚ್ 6ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಸಾಧ್ಯವಾದಲ್ಲೆಲ್ಲ ಮಳೆನೀರು ಕೊಡಬೇಕು. ಬೆಂಗಳೂರಿನಲ್ಲಿ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ 2009ರಿಂದಲೇ ಮಳೆನೀರು ಕೊಯ್ಲು ಕಡ್ಡಾಯವಾಗಿದೆ. ಆ ನೀರಿನಲ್ಲಿ ಎರಡು ಕೊಡ ಗಿಡಗಳಿಗೆಂದು ಎತ್ತಿಟ್ಟರೂ ಸಾಕು.

ಆರ್‌ಒ ಯಂತ್ರ ಹೊರಬಿಡುವ ನೀರು ದಂಡವಾಗಬಾರದೆಂದು ಕುಂಡಕ್ಕೆ ಹಾಕುವವರು ಬಹಳ. ಕಾಳಜಿ ದೊಡ್ಡದು, ಆದರೆ ಆ ನೀರಿನಲ್ಲಿ ಮೂಲ ನೀರಿಗಿಂತ ಹೆಚ್ಚು ಲವಣ ಇರುತ್ತದೆ. ನೆಲ ಒರೆಸಲು ಅದು ಆದೀತು. ಅಪಾರ್ಟ್‌ಮೆಂಟುಗಳ ಸಾಫ್ಟನರ್ ನೀರಿನಲ್ಲಿ ಸುಣ್ಣದ ಅಂಶ ಹೋಗಿ ಸೋಡಿಯಂ ಬಂದಿರುತ್ತದೆ, ಅದೂ ಬೇಡ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಒಳ್ಳೆಯ ನೀರನ್ನು ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಿ ಲವಣ ತೊಳೆಯಬೇಕು.

ಹೆಚ್ಚು ಗಿಡಗಳು ಸಾಯುವುದು ನೀರು ಜಾಸ್ತಿಯಾಗಿ. ಎಲೆ ಜೋತುಬಿದ್ದ ಕೂಡಲೇ ಬಾಯಾರಿಕೆ ಎಂದುಕೊಂಡು ಇನ್ನೊಂದು ಚೊಂಬು ಸುರಿಯುತ್ತಾರೆ. ಮಣ್ಣು ಒದ್ದೆಯಿದ್ದೂ ಎಲೆ ಬಾಡಿದ್ದರೆ ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬಂದರೆ, ಕೊಳೆತ ವಾಸನೆ ಬಂದರೆ, ಬೇರು ಉಸಿರುಗಟ್ಟಿ ಪಿಥಿಯಂನಂಥ ರೋಗಾಣು ಸೇರಿಕೊಂಡಿದೆ ಎಂದು ಅನುಮಾನಿಸಬೇಕು. ಕೊಳೆತ ಬೇರು ಕತ್ತರಿಸಿ, ದಪ್ಪ ತೊಗಟೆ ಚೂರೋ ಪರ್ಲೈಟೋ ಬೆರೆಸಿದ ಹೊಸ ಮಿಶ್ರಣದಲ್ಲಿ ನೆಡಬೇಕು. ಕೊಕೊಪೀಟ್ ಮೇಲೆ ಒಣಗಿ ಒಳಗೆ ಒದ್ದೆಯಾಗಿರುತ್ತದೆ, ಆದ್ದರಿಂದ ಬೆರಳು ಆಳಕ್ಕೆ ಇಳಿಸಿ ನೋಡದೆ ನೀರು ಹಾಕಕೂಡದು.

ಕೀಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಪ್ರತ್ಯೇಕ ಗೋಷ್ಠಿಯೇ ಇದೆ. ಬೇಸಿಗೆಯಲ್ಲಿ ಎಲೆಯ ಮೇಲೆ ಸಣ್ಣ ಬಿಳಿಚುಕ್ಕೆ ಕಂಡರೆ ಬಿಳಿ ಹಾಳೆಯ ಮೇಲೆ ಎಲೆ ತಟ್ಟಿ. ಬಿದ್ದ ಚುಕ್ಕೆ ಹರಿದಾಡಿದರೆ ಅದು ನುಸಿ. ಆಂಥೂರಿಯಂನ ದುಂಡಾಣು ಅಂಗಮಾರಿಯನ್ನು ಮಾತ್ರ ಯಾರೂ ಲಘುವಾಗಿ ತೆಗೆದುಕೊಳ್ಳಬಾರದು. 1980ರ ದಶಕದಲ್ಲಿ ಅದು ಹವಾಯಿಯ ಆಂಥೂರಿಯಂ ಬೆಳೆಗಾರರಿಗೆ ಭಾರಿ ನಷ್ಟ ಮಾಡಿತು. ಕೊಡಗಿನಲ್ಲಿ ಈ ಬೆಳೆಯಿದೆ. ಎಲೆಯ ಅಂಚಿನಲ್ಲಿ ನೀರು ನೆನೆದಂಥ ಮಚ್ಚೆ, ಸುತ್ತ ಹಳದಿ ಕಂಡರೆ ಗಿಡವನ್ನು ಆಸೆಪಡದೆ ನಾಶಮಾಡಿ, ಚಾಕು ಶುದ್ಧಮಾಡಿ, ಮೇಲಿಂದ ನೀರು ಚಿಮುಕಿಸುವುದನ್ನು ನಿಲ್ಲಿಸಬೇಕು.

ಮಧ್ಯಾಹ್ನದಿಂದ ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದು ಮನವಿ. ಎಲೆಯ ಚಿತ್ರ ತೋರಿಸುವಾಗ ಆ ಗಿಡಕ್ಕೆ ಹಾಕಿದ ನೀರಿನ ಪಿಎಚ್, ಲವಣಾಂಶ, ಫ್ಲೋರೈಡ್ ಎಷ್ಟೆಂದೂ ತೋರಿಸಿ. ನರ್ಸರಿಯ ಗೆಳೆಯರೇ, ಟಿಡಿಎಸ್ ಮೀಟರಿಗೆ ಫ್ಲೋರೈಡ್ ಬೇರೆಯಾಗಿ ಗೊತ್ತಾಗುವುದಿಲ್ಲ, ನಿಜ. ಲವಣ ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ. ಅದನ್ನೊಂದು ಕೌಂಟರಿನಲ್ಲಿ ಇಡಿ. ಔಷಧಿ ಕೇಳಿ ಬಂದವರಿಗೆ, ಮನೆಯ ನೀರನ್ನು ಒಂದು ಬಾಟಲಿಯಲ್ಲಿ ತನ್ನಿ, ಅಳೆದು ಹೇಳುತ್ತೇವೆ ಎನ್ನಿ.