ಗೀಳು ಹಟವಲ್ಲ, ಕಾಯಿಲೆ

(ಕೆಳದಿಯಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಹೊಡೆತ ತಿಂದು ಸಂಘಕ್ಕೆ ಬರುವ ಹೆಂಗಸಿನ ಬೆನ್ನ ಮೇಲಿನ ಬಾಸುಂಡೆಯನ್ನಷ್ಟೇ ನೋಡಬೇಡಿ, ಕೈಯನ್ನೂ ನೋಡಿ ಎಂದು ನಾನು ಹೇಳುತ್ತೇನೆ. ಕೆಲವರ ಕೈ ತೊಳೆದು ತೊಳೆದು ಬಿರಿದಿರುತ್ತದೆ. ಎಷ್ಟು ತೊಳೆದರೂ ಕೊಳೆ ಹೋಗಿಲ್ಲವೆಂಬ ದಿಗಿಲು. ಒಲೆ ಆರಿಸಿದೆನೇ, ಚಿಲಕ ಹಾಕಿದೆನೇ ಎಂದು ಹತ್ತಾರು ಸಲ ಎದ್ದು ನೋಡುವವರೂ ಇದ್ದಾರೆ. ಮನೆಯವರು ಇದಕ್ಕೆ ಹಟ, ಸೊಕ್ಕು, ಹುಚ್ಚು ಎಂದು ಹೆಸರಿಡುತ್ತಾರೆ. ಹೊಡೆಯುತ್ತಾರೆ. ‘ನಮ್ಮ ತಲೆಗೆ ಹುಚ್ಚಿಯನ್ನು ಕಟ್ಟಿದಿರಿ’ ಎಂದು ತವರಿನಿಂದ ಇನ್ನಷ್ಟು ಹಣ ಕೇಳುತ್ತಾರೆ.

ಇದು ಗೀಳು ಕಾಯಿಲೆ. ವೈದ್ಯರು ಓಸಿಡಿ ಎನ್ನುತ್ತಾರೆ. ಗಂಡಸರಿಗೂ ಬರುತ್ತದೆ. ಮಡಿ ಮಾಡುವವರಿಗೆಲ್ಲ ಗೀಳಿದೆ ಎಂದಲ್ಲ. ಮಡಿಗೆ ಒಂದು ಮುಗಿತಾಯವಿದೆ, ಗೀಳಿಗೆ ಇಲ್ಲ. ಅತಿಯಾಯಿತೆಂದು ತನಗೇ ಗೊತ್ತಿದ್ದರೂ ನಿಲ್ಲಿಸಲಾಗದು.

ಏಕೆ? ಹಣೆಯ ಹಿಂದಿನ ಮಿದುಳು ‘ಏನೋ ತಪ್ಪಿದೆ’ ಎಂದು ಎಚ್ಚರಿಸುತ್ತದೆ. ಆ ಸುದ್ದಿ ಮಿದುಳಿನ ಆಳದ ಗಂಟುಗಳಿಗೆ ಹೋಗಿ, ಥಲಾಮಸ್ ಎಂಬ ಭಾಗವನ್ನು ಹಾದು ಮತ್ತೆ ಹಣೆಗೆ ಮರಳುತ್ತದೆ. ಕೆಲಸ ಮುಗಿದ ಮೇಲೆ ಅದು ಅಡಗಬೇಕು. ಗೀಳಿನಲ್ಲಿ ಅಡಗದೆ ಸುತ್ತುತ್ತಲೇ ಇರುತ್ತದೆ ಎಂಬುದು ವಿಜ್ಞಾನಿಗಳ ತಿಳುವಳಿಕೆ.

ಬೆಂಗಳೂರಿನ ನಿಮ್ಹಾನ್ಸ್ ಸೇರಿ ಹಲವು ದೇಶಗಳ ಸಂಸ್ಥೆಗಳು ಸಾವಿರಾರು ಜನರ ಮಿದುಳಿನ ಎಂಆರ್‌ಐ ಚಿತ್ರಗಳನ್ನು ಒಟ್ಟಿಗೆ ಪರಿಶೀಲಿಸಿವೆ. 2017ರಲ್ಲಿ ಬಂದ ಫಲಿತಾಂಶದಂತೆ, ಗೀಳಿರುವ ವಯಸ್ಕರಲ್ಲಿ ಹಿಪೊಕ್ಯಾಂಪಸ್ ಸರಾಸರಿಯಲ್ಲಿ ತುಸು ಕಿರಿದು, ಪ್ಯಾಲಿಡಮ್ ತುಸು ಹಿರಿದು. ವ್ಯತ್ಯಾಸ ಬಹಳ ಸಣ್ಣದು. ಒಬ್ಬಳ ಚಿತ್ರವನ್ನಷ್ಟೇ ನೋಡಿ ಗೀಳಿದೆಯೆಂದು ಹೇಳಲಾಗದು. ಅವಳ ಮಾತು ಕೇಳಿಯೇ ವೈದ್ಯರು ಗುರುತಿಸಬೇಕು.

ಮಿದುಳಿನದೆಂದರೆ ವಾಸಿಯಾಗದೆಂದು ತಿಳಿಯಬೇಡಿ. 1992ರಲ್ಲಿ ಅಮೆರಿಕದ ವೈದ್ಯರು ಕೆಲವರಿಗೆ ಔಷಧಿ ಕೊಟ್ಟರು. ಕೆಲವರಿಗೆ ಔಷಧಿಯಿಲ್ಲದೆ, ಭಯಪಡುವ ವಸ್ತುವನ್ನು ಮುಟ್ಟಿಯೂ ತೊಳೆಯದೆ ಇರುವ ಅಭ್ಯಾಸ ಮಾಡಿಸಿದರು. ಎರಡೂ ಗುಂಪಿನಲ್ಲಿ ಗುಣ ಕಂಡವರ ಮಿದುಳಿನ ಆಳದ ಕಾಡೇಟ್ ಎಂಬ ಗಂಟಿನ ಚಟುವಟಿಕೆ ತಗ್ಗಿತ್ತು. ಇಂದಿಗೂ ಮುಖ್ಯ ಚಿಕಿತ್ಸೆ ಇವೆರಡೇ. ಔಷಧಿಯ ಗುಣ ಕಾಣಲು ಎರಡು ಮೂರು ತಿಂಗಳು ಬೇಕಾಗಬಹುದು, ನಡುವೆ ಬಿಡಬಾರದು. ಬೈಗುಳ, ಏಟು ಚಿಕಿತ್ಸೆಯಲ್ಲ.

ಕಾನೂನೂ ನೆನಪಿರಲಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ನಿಂದನೆ, ಮಾನಸಿಕ ಕಿರುಕುಳವೂ ಹಿಂಸೆಯೇ. ಕಾಯಿಲೆಯ ನೆಪ ಹೇಳಿ ಹೆಂಡತಿಯನ್ನು ಬೀದಿಗೆ ದೂಡುವಂತಿಲ್ಲ. ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ.

ಅಂಥ ಅಕ್ಕ ನಿಮ್ಮ ಸಂಘದಲ್ಲಿದ್ದರೆ ನಗಬೇಡಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸಿ, ಹಣ ಬೇಕಿಲ್ಲ. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಒಬ್ಬರು ಹೋಗಿ. ಮನೆಯವರ ಎದುರು ನಿಂತು ‘ಇದು ಕಾಯಿಲೆ, ತಪ್ಪಲ್ಲ’ ಎಂದು ಹೇಳುವ ಕೆಲಸವೂ ನಮ್ಮದೇ.