ಆರ್ಕ್ಟಿಕ್ ಹಸಿರಿಗೆ ಹೆಸರೇನು?



ನಿಮ್ಮ ಅಟ್ಲಾಸಿನಲ್ಲಿ ಭೂಮಿಯ ಉತ್ತರ ತುದಿಯನ್ನು ನೋಡಿ. ಅಲಾಸ್ಕ, ಕೆನಡ, ರಷ್ಯಗಳ ನೆತ್ತಿಯ ಮೇಲೆ ಒಂದೇ ಬಣ್ಣದ ಪಟ್ಟಿ; ಅದಕ್ಕೆ ‘ಟಂಡ್ರಾ’ ಎಂಬ ಒಂದೇ ಹೆಸರು. ಹಾಗಾದರೆ ಅಲ್ಲೆಲ್ಲ ಒಂದೇ ಬಗೆಯ ಸಸ್ಯಗಳಿವೆಯೆ? ಖಂಡಿತ ಇಲ್ಲ.

ಮರಗಳು ಬೆಳೆಯಬಲ್ಲ ಗಡಿಯ ಆಚೆಗಿನ ಈ ನೆಲದ ವಿಸ್ತೀರ್ಣ ಸುಮಾರು 71 ಲಕ್ಷ ಚದರ ಕಿಲೋಮೀಟರ್. ಇದರಲ್ಲಿ ಸುಮಾರು 20 ಲಕ್ಷ ಬರಿಯ ಹಿಮ. ಮಿಕ್ಕಿದ್ದು ಸಸ್ಯಗಳ ನೆಲೆ. ಅಲ್ಲಿ ರಸ್ತೆಗಳು ವಿರಳ, ಬೇಸಿಗೆ ಅಲ್ಪಕಾಲದ್ದು. ಇಷ್ಟನ್ನೂ ನಡೆದು ನೋಡುವುದು ಅಸಾಧ್ಯ. ಆದ್ದರಿಂದಲೇ ವಿಜ್ಞಾನಿಗಳು ಉಪಗ್ರಹದ ನೆರವು ಪಡೆದರು.

ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಅಳೆದು ಎಲ್ಲಿ ಎಷ್ಟು ಹಸಿರಿದೆ ಎಂದು ಉಪಗ್ರಹ ತಿಳಿಸಬಲ್ಲದು. ಆದರೆ ಅದು ಯಾವ ಹಸಿರು? ಒಂದು ಕಿಲೋಮೀಟರ್ ಉದ್ದಗಲದ ನೆಲ ಆ ಚಿತ್ರದಲ್ಲಿ ಒಂದೇ ಚುಕ್ಕೆ. ನೆಲಕ್ಕಂಟಿ ಹರಡುವ ಆರ್ಕ್ಟಿಕ್ ವಿಲ್ಲೋ, ಹತ್ತಿಹುಲ್ಲು, ಹಾವಸೆ, ಕಲ್ಲುಹೂವು ಎಲ್ಲವೂ ಅದರಲ್ಲಿ ಬೆರೆತುಹೋಗಿರುತ್ತವೆ.

ಅವುಗಳನ್ನು ಬಿಡಿಸಿ ಹೇಳಲು ಮನುಷ್ಯನೇ ಅಲ್ಲಿಗೆ ಹೋಗಬೇಕು. ಸಸ್ಯವಿಜ್ಞಾನಿ ಆರಿಸಿದ ಕೆಲವು ತಾಣಗಳಲ್ಲಿ ಚೌಕಟ್ಟನ್ನು ಇಟ್ಟು, ಮೊಣಕಾಲೂರಿ, ಒಳಗಿರುವ ಪ್ರತಿ ಸಸ್ಯದ ಹೆಸರನ್ನೂ ಅದು ಆವರಿಸಿದ ಜಾಗವನ್ನೂ ಬರೆದುಕೊಳ್ಳುತ್ತಾನೆ. ಆ ಪಟ್ಟಿಯನ್ನು ಚಿತ್ರದ ಚುಕ್ಕೆಯೊಡನೆ ಹೋಲಿಸಿದಾಗ, ಕಾಲಿಡದ ಜಾಗದ ಚುಕ್ಕೆಯನ್ನೂ ಓದಲು ಸಾಧ್ಯವಾಗುತ್ತದೆ. ಅಲಾಸ್ಕ ವಿಶ್ವವಿದ್ಯಾಲಯದ ಡೊನಾಲ್ಡ್ ವಾಕರ್ ಅವರ ಮುಂದಾಳುತನದಲ್ಲಿ ಹಲವು ದೇಶಗಳ ತಜ್ಞರು ಹೀಗೆ ದುಡಿದು, 2003ರಲ್ಲಿ ಇಡೀ ಆರ್ಕ್ಟಿಕ್‌ನ ಸಸ್ಯನಕ್ಷೆಯನ್ನು ಪ್ರಕಟಿಸಿದರು. ಅಟ್ಲಾಸಿನ ಒಂದು ಬಣ್ಣದ ಜಾಗದಲ್ಲಿ 15 ಬಗೆಯ ಸಸ್ಯವರ್ಗಗಳು ಕಾಣಿಸಿಕೊಂಡವು! 2019ರಲ್ಲಿ ಈ ನಕ್ಷೆಯ ಇನ್ನೂ ಸೂಕ್ಷ್ಮವಾದ ಆವೃತ್ತಿ ಬಂತು.

ಇಷ್ಟು ಶ್ರಮ ಏತಕ್ಕೆ? ಭೂಮಿ ಬಿಸಿಯೇರುತ್ತಿದ್ದಂತೆ ಆರ್ಕ್ಟಿಕ್‌ನ ಅನೇಕ ಕಡೆ ಹಸಿರು ಹೆಚ್ಚುತ್ತಿದೆ. ಕೇಳಲು ಹಿತವಾದ ಸುದ್ದಿಯೇ. ಆದರೆ ಕ್ಯಾರಿಬೂ ಎಂಬ ಹಿಮಸಾರಂಗ ಚಳಿಗಾಲದಲ್ಲಿ ಗೊರಸಿನಿಂದ ಹಿಮ ಕೆದಕಿ ತಿನ್ನುವುದು ಹೆಚ್ಚಾಗಿ ಮಾಸಲು ಬಣ್ಣದ ಕಲ್ಲುಹೂವನ್ನು. ಪೊದೆಗಳು ಎತ್ತರವಾಗಿ ದಟ್ಟವಾದಲ್ಲಿ, ಅವುಗಳ ನೆರಳಿನಲ್ಲಿ, ನಿಧಾನವಾಗಿ ಬೆಳೆಯುವ ಈ ಕಲ್ಲುಹೂವು ಕುಗ್ಗುತ್ತದೆ. ಉಪಗ್ರಹದ ಲೆಕ್ಕದಲ್ಲಿ ಹಸಿರು ಕೂಡಿತು. ಸಾರಂಗದ ಲೆಕ್ಕದಲ್ಲಿ ಮೇವು ಕಳೆಯಿತು.

ಆದುದರಿಂದ ‘ಎಷ್ಟು ಹಸಿರು’ ಎಂಬ ಪ್ರಶ್ನೆಯ ಜೊತೆಗೆ ‘ಯಾವ ಹಸಿರು’ ಎಂದೂ ಕೇಳಬೇಕು. ನೀವೂ ನಾಲ್ಕು ಕಡ್ಡಿಗಳಿಂದ ಒಂದು ಮೀಟರ್ ಚೌಕಟ್ಟು ಮಾಡಿ, ಶಾಲೆಯ ಮೈದಾನದ ಅಂಚಿನಲ್ಲಿಟ್ಟು, ಒಳಗೆ ಎಷ್ಟು ಬಗೆಯ ಗಿಡಗಳಿವೆ ಎಂದು ಎಣಿಸಿ ನೋಡಿ. ದೂರದಿಂದ ಬರಿಯ ಹುಲ್ಲಾಗಿ ಕಂಡದ್ದಕ್ಕೆ ಎಷ್ಟು ಹೆಸರುಗಳಿವೆ ಎಂಬುದು ಆಗ ತಿಳಿಯುತ್ತದೆ.