ಕ್ಲಚ್ಚಿನ ಎಣ್ಣೆ ಎಲ್ಲಿ ಹೋಯಿತು?

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ-ಗೊಬ್ಬರದ ವಿಷಯ ಹೇಳಬೇಕಾದ ಗ್ರಾಮಸೇವಕನು ಇಂದು ಮೋಟಾರು ಗಾಡಿಯ ಮಾತು ಎತ್ತಿದನೇಕೆ ಎಂದು ತಮಗೆ ಅನಿಸಬಹುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ಕಡೆ ಬೆಳೆ ಹೊಲದಲ್ಲಿ ಬಂದರೆ ಸಾಲದು, ಪೇಟೆ ಮುಟ್ಟಬೇಕು. ಮಹಾಲಿಂಗಪುರಕ್ಕೆ ಬೆಲ್ಲ ಒಯ್ಯಲಿ, ಸಂತೆಗೆ ಕಾಯಿಪಲ್ಲೆ ಒಯ್ಯಲಿ, ನಮ್ಮಲ್ಲಿ ಅನೇಕರ ಆಧಾರವೆಂದರೆ ಹಳೆಯ ಪಿಕಪ್ ಗಾಡಿ.

ಹೋದ ಸುಗ್ಗಿಯಲ್ಲಿ ಬೆಲ್ಲ ಹೇರಿದ ಅಂಥ ಒಂದು ಗಾಡಿ ದಾರಿಯಲ್ಲಿ ನಿಂತುದನ್ನು ಕಂಡೆ. ಕ್ಲಚ್ಚು ತುಳಿದರೆ ಪೆಡಲು ನೆಲಕ್ಕೆ ಹತ್ತುತ್ತಿತ್ತು, ಗೇರು ಕರಕರ ಎನ್ನುತ್ತಿತ್ತು. "ಎಂಟು ದಿನದಾಗ ಮೂರು ಸಲ ಎಣ್ಣಿ ಹಾಕೇನ್ರಿ, ಆದ್ರೂ ಗೇರ್ ಬೀಳವಲ್ದು" ಎಂದರು ಮಾಲಕರು. ಯಾವ ಎಣ್ಣೆ ಎಂದು ಕೇಳಿದೆ. ಮೂರನೆಯ ಸಲ ಕೈಗೆ ಸಿಕ್ಕ ಇಂಜಿನ್ ಎಣ್ಣೆಯನ್ನೇ ಸುರಿದಿದ್ದರು. ಅದರಿಂದ ಒಳಗಿನ ರಬ್ಬರುಗಳು ಉಬ್ಬಿ ಕೆಟ್ಟವು. ಆ ಗಾಡಿಯಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಎಣ್ಣೆ ಡಬ್ಬಿ. ಒಂದು ರಬ್ಬರ್ ವಾಷರಿನಲ್ಲಿ ಮುಗಿಯಬೇಕಾದ ಕೆಲಸ ಬ್ರೇಕಿನವರೆಗೆ ಹೋಯಿತು. ಮೂರು ಸಲ ಎಣ್ಣೆ ಹಾಕಿದ ಅವರು, ಹಾಕಿದ ಎಣ್ಣೆ ಎಲ್ಲಿ ಹೋಯಿತೆಂದು ಒಂದು ಸಲವೂ ನೋಡಿರಲಿಲ್ಲ.

ನಮ್ಮ ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಕ್ಲಚ್ಚು ಕಬ್ಬಿಣದ ರಾಡಿನಿಂದ ನಡೆಯುತ್ತದೆ. ಇಂಥ ಗಾಡಿಗಳಲ್ಲಿ ರಾಡಿನ ಕೆಲಸವನ್ನು ಎಣ್ಣೆ ಮಾಡುತ್ತದೆ. ಪೆಡಲು ತುಳಿದಾಗ ಮೇಲಿನ ಮಾಸ್ಟರ್ ಸಿಲಿಂಡರು ಎಣ್ಣೆಯನ್ನು ಸಣ್ಣ ನಳಿಗೆಯಲ್ಲಿ ದೂಡುತ್ತದೆ. ಗೇರ್‌ಬಾಕ್ಸಿನ ಹತ್ತಿರವಿರುವ ಸ್ಲೇವ್ ಸಿಲಿಂಡರು ಆ ಒತ್ತಡದಿಂದ ಕ್ಲಚ್ಚನ್ನು ಬಿಡಿಸುತ್ತದೆ. ಎಣ್ಣೆಯನ್ನು ಅದುಮಲು ಬಾರದು, ಗಾಳಿಯನ್ನು ಅದುಮಬಹುದು. ಫುಟ್‌ವಾಲ್ವು ಸೋರಿ ಪೈಪಿನಲ್ಲಿ ಗಾಳಿ ಹೊಕ್ಕರೆ ಹೊಳೆಯ ಪಂಪು ನೀರು ಎತ್ತುವುದಿಲ್ಲವಷ್ಟೆ? ಇಲ್ಲಿಯೂ ಗಾಳಿಯಿಂದ ಅಂಥದೇ ಕೇಡು. ನಳಿಗೆಯಲ್ಲಿ ಗಾಳಿ ಸೇರಿದರೆ ತುಳಿದ ಬಲವೆಲ್ಲ ಅದನ್ನು ಅದುಮುವುದಕ್ಕೇ ಹೋಗುತ್ತದೆ.

ಆದ್ದರಿಂದ ಪೆಡಲು ಸಡಿಲಾದರೆ ಹೀಗೆ ಪರೀಕ್ಷಿಸಿರಿ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಡಿರಿ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಎಂದೂ ಹೋಗಬಾರದು.

ಒಂದನೆಯದು, ಡಬ್ಬಿಯಲ್ಲಿ ಎಣ್ಣೆ ಗುರುತಿನವರೆಗೆ ಇದೆಯೇ ನೋಡಿರಿ. ಎರಡನೆಯದು, ಪೆಡಲಿನ ಮೇಲ್ಭಾಗ ಒದ್ದೆಯಿದ್ದರೆ ಮಾಸ್ಟರ್ ಸಿಲಿಂಡರು ಸೋರುತ್ತಿದೆ. ಗೇರ್‌ಬಾಕ್ಸಿನ ಬದಿಗೆ ಸ್ಲೇವ್ ಸಿಲಿಂಡರಿನ ಸುತ್ತ ಒದ್ದೆಯಿದ್ದರೆ ಅದು ಸೋರುತ್ತಿದೆ. ನಳಿಗೆಯ ಜೋಡುಗಳನ್ನೂ ಒರೆಸಿ ನೋಡಿರಿ. ಮೂರನೆಯದು, ನಾಲ್ಕೈದು ಸಲ ಬೇಗ ಬೇಗ ತುಳಿದಾಗ ಪೆಡಲು ಗಟ್ಟಿಯಾದರೆ ಗಾಳಿ ಸೇರಿರುವ ಸಂಭವ ಹೆಚ್ಚು. ನಾಲ್ಕನೆಯದು, ತುಳಿದು ಹಿಡಿದ ಪೆಡಲು ಮೆಲ್ಲಗೆ ತಾನೇ ಇಳಿಯುತ್ತಿದ್ದು, ಹೊರಗೆ ಎಲ್ಲಿಯೂ ಸೋರಿಕೆ ಕಾಣದಿದ್ದರೆ ಮಾಸ್ಟರಿನ ಒಳರಬ್ಬರು ಸವೆದಿರಬಹುದು. ಇಂಜಿನ್ ಕೂಗಿಯೂ ಗಾಡಿ ಎಳೆಯದಿದ್ದರೆ ಅದು ಬೇರೆ ರೋಗ. ಕ್ಲಚ್‌ಪ್ಲೇಟನ್ನು ಮಿಸ್ತ್ರಿಗೆ ತೋರಿಸಿರಿ.

ಸೋರಿಕೆ ನಿಲ್ಲಿಸಿದ ಮೇಲೆ ಗಾಳಿ ತೆಗೆಯಬೇಕು. ಇದಕ್ಕೆ ಇಬ್ಬರು ಬೇಕು. ಡಬ್ಬಿ ತುಂಬಿಸಿ, ಸ್ಲೇವ್ ಸಿಲಿಂಡರಿನ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಎಣ್ಣೆಯಿದ್ದ ಬಾಟಲಿಯಲ್ಲಿ ಮುಳುಗಿಸಿರಿ. ಒಬ್ಬರು ಪೆಡಲನ್ನು ಮೆಲ್ಲಗೆ ತುಳಿದು ಹಿಡಿಯಲಿ. ಇನ್ನೊಬ್ಬರು ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿದರೆ ಗುಳ್ಳೆಗಳು ಬರುತ್ತವೆ. ಮೊದಲು ನಿಪ್ಪಲ್ ಬಿಗಿಯಬೇಕು, ಆ ಮೇಲೆಯೇ ಕಾಲು ಎತ್ತಬೇಕು. ಈ ಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಸೇರುತ್ತದೆ. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡಿರಿ. ನಡುವೆ ಡಬ್ಬಿ ಬರಿದಾಗಗೊಡಬೇಡಿರಿ. ಹೊರಬಂದ ಎಣ್ಣೆಯನ್ನು ಮತ್ತೆ ಹಾಕಬಾರದು.

ಎಣ್ಣೆಯ ವಿಷಯದಲ್ಲಿ ಮುಚ್ಚಳದ ಮೇಲೆ ಬರೆದುದೇ ನಿಯಮ. ಡಾಟ್ 3 ಎಂದಿರಲಿ, ಡಾಟ್ 4 ಎಂದಿರಲಿ, ಅದನ್ನೇ ಹಾಕಿರಿ. ಈ ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವ ಹೀರುತ್ತದೆ. ಬಹುದಿನ ಬಾಯಿ ತೆರೆದಿಟ್ಟ ಡಬ್ಬಿಯದು ಬೇಡ. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ. ಇದು ವಿಷ, ಕುಡಿಯುವ ಬಾಟಲಿಯಲ್ಲಿ ತುಂಬಿ ಮನೆಯಲ್ಲಿ ಇಡಬೇಡಿರಿ.

ಕೊನೆಯದಾಗಿ ಒಂದು ಮಾತು. ಡಬ್ಬಿ ಒಂದೇ ಇರುವ ಅನೇಕ ಗಾಡಿಗಳಲ್ಲಿ ಕ್ಲಚ್ಚಿನ ನಳಿಗೆ ಬ್ರೇಕಿನದಕ್ಕಿಂತ ಮೇಲೆ ಇರುತ್ತದೆ. ಎಣ್ಣೆ ಇಳಿದಾಗ ಕ್ಲಚ್ಚು ಮೊದಲು ಸೋಲುತ್ತದೆ, ಬ್ರೇಕು ಆ ಮೇಲೆ. ಅಂಥ ಗಾಡಿಯಲ್ಲಿ ಸಡಿಲಾದ ಕ್ಲಚ್ಚು ಬ್ರೇಕಿನ ಮುನ್ಸೂಚನೆಯೆಂದೇ ತಿಳಿಯಿರಿ. ಗೇರು ಹೇಗೋ ಬೀಳುತ್ತದೆಂದು ಹೇರು ತುಂಬಿಕೊಂಡು ಹೊರಡಬೇಡಿರಿ. ಗಾಡಿಯ ಹಿಂದೆ ಬೆಲ್ಲವಿದ್ದೀತು, ಕಾಯಿಪಲ್ಲೆಯಿದ್ದೀತು; ಮುಂದೆ ಕುಳಿತವರು ನಮ್ಮ ಮನೆಯವರೇ.

ವಾರಕ್ಕೊಮ್ಮೆ ಡಬ್ಬಿ ನೋಡಿರಿ. ಎಣ್ಣೆ ಇಳಿದಿದ್ದರೆ, ಸುರಿಯುವ ಮೊದಲು ಅದು ಎಲ್ಲಿ ಹೋಯಿತೆಂದು ಹುಡುಕಿರಿ.